ಗೇಟಿನಲ್ಲಿ ನಿಂತ ಲಾರಿ

ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ಕೊನೆಯ ಪೀರಿಯಡ್ಡಿಗೆ ಇನ್ನೂ ಗಂಟೆ ಹೊಡೆದಿಲ್ಲವಲ್ಲ ಎಂದು ಆಗಷ್ಟೇ ಗೋಡೆ ಗಡಿಯಾರ ನೋಡಿದ್ದೆ. ಅದಕ್ಕೇ ಹೊತ್ತು ಅಷ್ಟು ಖಚಿತವಾಗಿ ನೆನಪಿದೆ. ರಸ್ತೆಯ ಕಡೆಯಿಂದ ಲಾರಿಯ ಹಾರನ್ ಕೇಳಿಸಿತು. ನಿಲ್ಲಲಿಲ್ಲ. ಹುಡುಗಿಯರು ಮೊದಲು ನಕ್ಕರು. ಆಮೇಲೆ ಕಿವಿ ಮುಚ್ಚಿಕೊಂಡರು.

ಕಿಟಕಿಗೆ ಹೋಗಿ ನೋಡಿದೆ. ಕಂಪನಿಯ ಲಾರಿಯೊಂದು ನಮ್ಮ ಶಾಲೆಯ ಬೇಲಿಗೆ ಮೂತಿ ಒತ್ತಿ ನಿಂತಿತ್ತು. ಹಿಂದೆ ದಿಮ್ಮಿಗಳು. ಸ್ಟಿಯರಿಂಗಿನ ಮೇಲೆ ಹಣೆ ಊರಿ ಕೂತಿದ್ದವನು ನನ್ನ ತಮ್ಮ ರುದ್ರೇಶ.

ಅವನ ಹಣೆಯ ಭಾರಕ್ಕೆ ಹಾರನ್ ಕೂಗುತ್ತಿತ್ತು.

ಓಡಿಹೋಗಿ ಬಾಗಿಲು ತೆಗೆದೆ. ಮೈ ಕಾದ ಹೆಂಚಿನ ಹಾಗಿತ್ತು. ಕಣ್ಣು ಕೆಂಪಗೆ ಊದಿದ್ದವು. ನನ್ನನ್ನು ನೋಡಿ ನಗಲು ಪ್ರಯತ್ನಿಸಿದ. "ಅಕ್ಕ, ಎರಡು ರಸ್ತೆ ಕಾಣ್ತಾವೆ. ಯಾವುದ್ರಾಗೆ ಹೋಗ್ಲಿ ಗೊತ್ತಾಗ್ಲಿಲ್ಲ. ಅದಕ್ಕೆ ಇಲ್ಲಿ ನಿಲ್ಲಿಸ್ದೆ," ಎಂದ.

ಲಾರಿಯ ಬೀಗದ ಕೈಯನ್ನು ಅವನೇ ಕಿತ್ತು ನನ್ನ ಕೈಗೆ ಕೊಟ್ಟ. ನಾನು ಅದನ್ನು ಮನೆಗೆ ಹೋಗಿ ಅವ್ವನಿಗೆ ಕೊಟ್ಟೆ. ಅವ್ವ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಆ ಗಂಟು ಮುಂದೆ ಕೋರ್ಟಿನ ತನಕ ಹೋಯಿತು. ಆ ಹೊತ್ತಿಗೆ ನಮಗೆ ಬೇಕಾಗಿದ್ದದ್ದು ಒಂದು ಚಾಪೆ ಮತ್ತು ಒದ್ದೆ ಬಟ್ಟೆ ಮಾತ್ರ.

ನಮ್ಮದು ಶಿಕಾರಿಪುರ. ಅಪ್ಪ ತೀರಿಕೊಂಡು ವರ್ಷಗಳಾಗಿವೆ. ನಾನು ಮೈಸೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಮಾಡಿ, ಊರಿಗೆ ಬಂದು ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಮತ್ತು ಪೌರನೀತಿ ಹೇಳಿಕೊಡುತ್ತೇನೆ. ರುದ್ರೇಶ ಎಸ್ಸೆಸ್ಸೆಲ್ಸಿಯಲ್ಲಿ ಎರಡು ಸಲ ಕೂತು, ಮೂರನೆಯ ಸಲಕ್ಕೆ ಲಾರಿ ಹತ್ತಿದ. ಸೊರಬದ ಕಡೆಯ ಕಾಡಿನಲ್ಲಿ ಮರ ಕಡಿಯಲು ಸರ್ಕಾರದ ಕರಾರು ಹಿಡಿದ ಕಂಪನಿಯೊಂದಕ್ಕೆ ಅವನು ಡ್ರೈವರ್. ಆ ಕಂಪನಿಯ ಹೆಸರು ಇಲ್ಲಿ ಬರೆಯುವುದಿಲ್ಲ. ಕೇಸು ಇನ್ನೂ ನಡೆಯುತ್ತಿದೆ. ಮಾಲೀಕರು ಹೊರಗಿನ ಊರಿನವರು, ಅವರನ್ನು ನಾವ್ಯಾರೂ ನೋಡಿಲ್ಲ. ನಾವು ನೋಡಿದ್ದು ಅವರ ಏಜೆಂಟನನ್ನು, ಅವನ ಜೀಪನ್ನು.

ಜ್ವರ ಬಂದ ಸಂಜೆ ಅವ್ವ ಅವನ ಅಂಗಿ ಬಿಚ್ಚಿಸಿ ಮೈ ಒರೆಸುತ್ತಿದ್ದಾಗ ಬಲ ಹೆಗಲ ಹಿಂದೆ ಒಂದು ಕಪ್ಪು ಕಾಳು ಅಂಟಿದ್ದದ್ದು ಕಂಡಿತು. ದನಕ್ಕೆ ಹತ್ತುವ ಉಣುಗು. ಅವ್ವ ಅದನ್ನು ಕಿತ್ತು ಒಲೆಗೆ ಹಾಕಿದಳು. ಚಟ್ ಎಂದು ಸದ್ದಾಯಿತು. ಕಾಡಿಗೆ ಹೋಗಿ ಬಂದವರ ಮೈಮೇಲೆ ಉಣುಗು ಇಲ್ಲದೆ ಇರುತ್ತದೆಯೆ? ಯಾರೂ ಆ ಬಗ್ಗೆ ಮತ್ತೆ ಮಾತಾಡಲಿಲ್ಲ.

ಮಂಗನ ಮಾತು ಮಾತ್ರ ಬಂತು. ಅದರ ಹಿಂದಿನ ವಾರ ಮನೆಗೆ ಬಂದಾಗಲೇ ಅವನು ಹೇಳಿದ್ದ. ಆ ಚಳಿಗಾಲ ಕಾಡಿನಲ್ಲಿ ಮಂಗಗಳು, ಕಪ್ಪು ಮೂತಿಯ ಮುಸಿಯಗಳು ಮರದ ಮೇಲಿಂದ ಸತ್ತು ಬೀಳುತ್ತಿದ್ದವು. ಒಂದು ದೊಡ್ಡ ಮುಸಿಯ ಇವನ ಲಾರಿಯ ಮುಂದೆಯೇ ಬಿತ್ತಂತೆ. ಮರ ಕಡಿಯುವವರ ಹಿರಿಯ ಹುಚ್ಚಪ್ಪ, ಹನುಮಪ್ಪನ ದೇಹವನ್ನು ದಾಟಿ ಗಾಲಿ ಉರುಳಬಾರದು, ಮಣ್ಣು ಕೊಟ್ಟೇ ಮುಂದೆ ಹೋಗಬೇಕು ಎಂದನಂತೆ. ನಮ್ಮ ಕಡೆ ಯಾರಾದರೂ ಹಾಗೇ ಹೇಳುತ್ತಾರೆ. ರುದ್ರೇಶ ತನ್ನ ಟವೆಲಿನಲ್ಲಿ ಸುತ್ತಿ ಹೆಗಲ ಮೇಲೆ ಹೊತ್ತ. ಹುಚ್ಚಪ್ಪನ ಹೆಂಡತಿ ಗಂಗಮ್ಮ ಅದರ ಹಣೆಗೆ ಕುಂಕುಮ ಇಟ್ಟು, ಬಾಯಿಗೆ ಮೂರು ಹನಿ ನೀರು ಬಿಟ್ಟಳು. ಕಾಡುಮಲ್ಲಿಗೆ ಹಾಕಿ, ಕಾಯಿ ಒಡೆದು ಮಣ್ಣು ಮಾಡಿದರು. ಅಷ್ಟು ಹೊತ್ತೂ ಏಜೆಂಟ್ ಜೀಪಿನಲ್ಲಿ ಕೂತು, ಲೋಡು ತಡವಾಗುತ್ತದೆ ಎಂದು ಬೈಯುತ್ತಿದ್ದನಂತೆ.

"ಹುಚ್ಚರಾಯಸ್ವಾಮಿನೇ ನನ್ನ ಹೆಗಲ ಮ್ಯಾಲೆ ಕೂತಂಗಿತ್ತು ಕಣವ್ವ," ಎಂದಿದ್ದ ರುದ್ರೇಶ. ಹುಚ್ಚರಾಯನೆಂದರೆ ನಮ್ಮೂರ ಗುಡಿಯ ಹನುಮಪ್ಪ. ಅವ್ವನಿಗೆ ಅವತ್ತು ಮಗನ ಮೇಲೆ ಎಂದಿಲ್ಲದ ಅಕ್ಕರೆ ಬಂದಿತ್ತು. ನನಗೂ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮೊದಲು ಮಲೇರಿಯಾ ಎಂದರು. ಆಮೇಲೆ ಟೈಫಾಯಿಡ್ ಇರಬಹುದು ಎಂದರು. ಪೆನಿಸಿಲಿನ್ ಕೊಟ್ಟರು. ಜ್ವರ ಒಂದು ಗೆರೆಯೂ ಇಳಿಯಲಿಲ್ಲ. ಅವನ ನಾಡಿ ಮಾತ್ರ ವಿಚಿತ್ರವಾಗಿ ನಿಧಾನವಾಗುತ್ತಿತ್ತು. ಅಷ್ಟು ಜ್ವರದಲ್ಲಿ ಪಲ್ಸ್ ಓಡಬೇಕು, ಇದು ನಡೆಯುತ್ತಿದೆಯಲ್ಲ ಎಂದು ಡಾಕ್ಟರು ಮಣಿಕಟ್ಟು ಬಿಡದೆ ನಿಂತಿದ್ದರು. ಸೊಂಟ, ಮೀನಖಂಡ, ಕಣ್ಣಿನ ಹಿಂಭಾಗ, ಎಲ್ಲಿ ಮುಟ್ಟಿದರೂ ನೋವು. ನಾನು ಮಂಚದ ಅಂಚಿಗೆ ಕೂತರೆ, ಆ ಅಲುಗಾಟಕ್ಕೇ ನರಳುತ್ತಿದ್ದ. ನಾನು ನೆಲದ ಮೇಲೆ ಕೂರುವುದನ್ನು ಕಲಿತೆ.

ಒಂದು ಬೆಳಿಗ್ಗೆ ಗಂಜಿ ಕುಡಿಸಿ ಬಾಯಿ ಒರೆಸಿದೆ. ಬಟ್ಟೆ ಕೆಂಪಾಯಿತು.

ವಸಡಿನಿಂದ ರಕ್ತ.

ಅವ್ವ ಬೆರಳಿಗೆ ಬಿಳಿ ಬಟ್ಟೆ ಸುತ್ತಿ ವಸಡನ್ನು ಒತ್ತಿ ನೋಡಿದಳು. ಮತ್ತೆ ಕೆಂಪು. ಅಂದಿನಿಂದ ಅದು ನಮ್ಮ ಮನೆಯ ವ್ರತದಂತಾಯಿತು. ಬೆಳಿಗ್ಗೆ, ಸಂಜೆ, ರಾತ್ರಿ ಎದ್ದಾಗಲೆಲ್ಲ, ಲಾಟೀನು ಹಿಡಿದು ಅವನ ಬಾಯಿಯೊಳಗೆ ಬೆರಳು. ನಿದ್ದೆಯಲ್ಲಿದ್ದರೂ ಅವನು ಅವ್ವನ ಬೆರಳಿಗೆ ಬಾಯಿ ತೆರೆಯುತ್ತಿದ್ದ, ಗುಟುಕಿಗೆ ಬಾಯಿ ತೆರೆಯುವ ಹಕ್ಕಿಮರಿಯ ಹಾಗೆ.

ಕೊನೆಗೆ ಅವನನ್ನು ವಾರ್ಡಿಗೆ ಸೇರಿಸಿದೆವು. ಅವನೊಬ್ಬನೇ ಅಲ್ಲ ಎಂದು ತಿಳಿದದ್ದು ಕಾಡಿನಿಂದ ಗಾಡಿಗಳು ಆಸ್ಪತ್ರೆಗೆ ಬಂದಾಗ. ಗಂಗಮ್ಮನನ್ನು ಹುಲ್ಲಿನ ಮೇಲೆ ಮಲಗಿಸಿ ಹುಚ್ಚಪ್ಪ ಗಾಡಿ ಹೊಡೆದುಕೊಂಡು ಬಂದಿದ್ದ. ಜೊತೆಗೆ ಮರ ಕೊಯ್ಯುವ ಮೂವರು. ಅವರಲ್ಲಿ ಇಬ್ಬರು ಮಂಗನ ಹತ್ತಿರವೂ ಹೋದವರಲ್ಲ. ಎಲ್ಲರ ಕಣ್ಣೂ ಕೆಂಪು. ಡಾಕ್ಟರು ನನ್ನನ್ನು ಜಗಲಿಗೆ ಕರೆದರು. "ಇದು ಟೈಫಾಯಿಡ್ ಅಲ್ಲ ಟೀಚರಮ್ಮ. ಏನು ಅಂತ ನನಗೂ ಗೊತ್ತಿಲ್ಲ. ಬ್ಲಡ್ ಕೊಡಬೇಕಾಗುತ್ತೆ. ಇಲ್ಲಿ ಆಗಲ್ಲ. ಶಿವಮೊಗ್ಗಕ್ಕೆ ಕರ್ಕೊಂಡು ಹೋಗಿ," ಎಂದರು. ಗೊತ್ತಿಲ್ಲ ಎಂದು ಹೇಳಿದ್ದಕ್ಕೆ ನಾನು ಅವರಿಗೆ ಇಂದಿಗೂ ಋಣಿ. ಆ ದಿನಗಳಲ್ಲಿ ಹಾಗೆ ಹೇಳಿದ ಸರ್ಕಾರಿ ನೌಕರರು ಅವರೊಬ್ಬರೇ.

ಬಸ್ಸಿನವರು ಹತ್ತಿಸಿಕೊಳ್ಳಲಿಲ್ಲ. ಮಂಗನ ಕಾಯಿಲೆ ಎಂದು ಊರೆಲ್ಲ ಹಬ್ಬಿತ್ತು. ಬಾಡಿಗೆ ಕಾರು ಇಟ್ಟಿದ್ದ ಒಬ್ಬರು, ಸೀಟಿನ ಬಟ್ಟೆ ಹೊಸದು ಎಂದು ಹೇಳಿ ಬಾಗಿಲು ಹಾಕಿಕೊಂಡರು.

ಅಷ್ಟರಲ್ಲಿ ಕಾಡಿನಲ್ಲಿ ಕೊಡಲಿ ನಿಂತಿತ್ತು. ಕೂಲಿಯವರು ಕೇಳಿದ್ದು ದೊಡ್ಡದೇನಲ್ಲ. ಮಂಗ ಸಾಯುತ್ತಿರುವ ಭಾಗ ಬಿಟ್ಟು ಬೇರೆ ದಿಕ್ಕಿನಲ್ಲಿ ಮರ ತೋರಿಸಿ, ಬಿಡಾರಕ್ಕೆ ಡಾಕ್ಟರನ್ನು ಕಳಿಸಿ. ಡ್ರೈವರುಗಳೂ ಲಾರಿ ನಿಲ್ಲಿಸಿ ಅವರ ಜೊತೆ ಕೂತರು. ಏಜೆಂಟ್ ಹೇಳಿದನಂತೆ, ಮಳೆಗಾಲದೊಳಗೆ ಕರಾರು ಮುಗಿಯಬೇಕು, ಯಾವ ಮರ ಎಂದು ಗುರುತು ಹಾಕಿದ್ದು ಸರ್ಕಾರ, ಅವರನ್ನೇ ಕೇಳಿ ಎಂದು. ಸರ್ಕಾರದವರು ಹೇಳಿದರಂತೆ, ಗುರುತು ಹಾಕಿದ ಮೇಲೆ ಮರ ಕಂಪನಿಯದು, ಅವರನ್ನೇ ಕೇಳಿ ಎಂದು. ಹೀಗೆ ಇಬ್ಬರ ನಡುವೆ ಓಡಾಡಿ ಸುಸ್ತಾಗಿ ಅವರು ನೆಲದ ಮೇಲೆ ಕೂತದ್ದು. ಕೂತ ಮಾರನೆಯ ದಿನ ನೂರಾ ನಲವತ್ತನಾಲ್ಕನೆಯ ಕಲಮು ಹಾಕಿದರು. ಐದು ಜನ ಒಟ್ಟಿಗೆ ಸೇರುವಂತಿಲ್ಲ. ಪೊಲೀಸರು ಬಂದು ಇಳಿದದ್ದು ಕಂಪನಿಯ ಡೇರೆಯಲ್ಲಿ, ಉಂಡದ್ದು ಕಂಪನಿಯ ಅಡಿಗೆ.

ವಾರ್ಡಿನಲ್ಲಿ ಈ ಸುದ್ದಿ ಕೇಳಿ ರುದ್ರೇಶ ಕಣ್ಣು ಮುಚ್ಚಿಕೊಂಡೇ ಹೇಳಿದ, "ಅಕ್ಕ, ಇಲ್ಲಿ ನಾವು ಐದು ಜನ ಮಲಗೀವಿ. ಒಬ್ಬರನ್ನ ಹೊರಗೆ ಹಾಕ್ತಾರೇನು ಕೇಳು."

ಗಂಗಮ್ಮ ಪಕ್ಕದ ಮಂಚದಲ್ಲಿದ್ದಳು. ಆಕೆಗೆ ನಗು ಬಂತು, ನಕ್ಕದ್ದಕ್ಕೆ ನೋವೂ ಬಂತು. "ಸುಮ್ನಿರಪ್ಪ, ನಗಸಬ್ಯಾಡ, ಪಕ್ಕೆ ಹಿಡೀತೈತೆ," ಎಂದಳು. ನಾನು ಗಂಗಮ್ಮನ ನಗು ಕಂಡದ್ದು ಅದೊಂದೇ ಸಲ.

ತಾಲ್ಲೂಕಿನ ದೊಡ್ಡ ಅಧಿಕಾರಿ ಅಮಲ್ದಾರರು ಆಸ್ಪತ್ರೆಗೆ ಬಂದರು. ಕಂಪನಿಯ ಜೀಪಿನಲ್ಲಿ ಬಂದರು. ಏಜೆಂಟ್ ಜೀಪು ಇಳಿಯಲಿಲ್ಲ. ಅಮಲ್ದಾರರು ಸಭ್ಯರು, ಮೆಲುದನಿಯವರು. ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಂದು ಬಹುಮಾನ ಹಂಚಿದವರು. ನನ್ನನ್ನು ಜಗಲಿಯ ಬೆಂಚಿನ ಮೇಲೆ ಕೂರಿಸಿದರು.

"ನೀವು ಓದಿದವರು, ನಿಮಗೆ ಅರ್ಥವಾಗುತ್ತೆ. ಜೀಪು ಇಲ್ಲೇ ಇದೆ. ನಿಮ್ಮ ತಮ್ಮನನ್ನ ಈಗಲೇ ಶಿವಮೊಗ್ಗಕ್ಕೆ ಬಿಟ್ಟು ಬರುತ್ತಾರೆ. ಡ್ರೈವರುಗಳು ಅವನ ಮಾತು ಕೇಳ್ತಾರಂತೆ. ಲಾರಿ ತೆಗೀರಿ ಅಂತ ಅವನು ಒಂದು ಮಾತು ಹೇಳಿದರೆ ಸಾಕು."

ನಾನು ಹೂಂ ಅನ್ನುವವಳಿದ್ದೆ. ಬಾಯಿ ತೆರೆದಿತ್ತು. ಈಗಲೂ ತರಗತಿಯಲ್ಲಿ ಪಾಠ ಹೇಳುತ್ತಿರುವಾಗ ಮಧ್ಯೆ ಆ ಬೆಂಚು ನೆನಪಾಗುತ್ತದೆ. ಅವನ ಬಾಯಿಂದ ಬರಬೇಕಾದ ಮಾತು, ಅವನನ್ನೇ ಕೇಳುತ್ತೇನೆ ಎಂದು ಒಳಗೆ ಹೋದೆ. ಕಿವಿಯ ಹತ್ತಿರ ಬಾಗಿ ಹೇಳಿದೆ.

"ಜೀಪಿನಾಗೆ ಎಷ್ಟು ಜನಕ್ಕೆ ಜಾಗ ಐತೆ ಕೇಳು," ಎಂದ.

ಹೊರಗೆ ಬಂದು ಕೇಳಿದೆ. ಅಮಲ್ದಾರರು ಜೀಪಿನ ಕಡೆ ನೋಡಿದರು. ಏಜೆಂಟ್ ಒಂದು ಬೆರಳೆತ್ತಿ ತೋರಿಸಿದ.

ತಲೆಯಾಡಿಸಿ ಬೇಡವೆಂದೆನೋ, ಬಾಯಿಬಿಟ್ಟು ಹೇಳಿದೆನೋ ನೆನಪಿಲ್ಲ. ಜೀಪು ಹೋದ ಮೇಲೆ ಧೂಳು ಕೂರುವವರೆಗೂ ಅಲ್ಲೇ ನಿಂತಿದ್ದೆ. ತಮ್ಮನನ್ನು ಕೊಂದೆ ಎಂದು ಅನಿಸಿತು.

ಸೆರಗಿನ ಗಂಟು ಬಿಚ್ಚಿದವಳು ಅವ್ವ. ರುದ್ರೇಶನ ಜೊತೆಯ ಡ್ರೈವರ್ ಗೌಸ್ ಸಾಬರು ಅವನನ್ನು ನೋಡಲು ಬಂದಿದ್ದರು. ಅವ್ವ ಬೀಗದ ಕೈಯನ್ನು ಅವರ ಮುಂದೆ ಹಿಡಿದಳು. ಲಾರಿ ಇನ್ನೂ ಶಾಲೆಯ ಬೇಲಿಗೆ ಮೂತಿ ಒತ್ತಿಕೊಂಡೇ ನಿಂತಿತ್ತಲ್ಲ. ಗೌಸ್ ಸಾಬರು ಕೈ ಚಾಚುವ ಮೊದಲು ಒಂದು ಸಲ ತಮ್ಮ ಅಂಗಿಗೆ ಅಂಗೈ ಒರೆಸಿಕೊಂಡರು. "ಅವ್ವಾರೆ, ಇದು ಕಳ್ಳತನ ಅಂತಾರೆ," ಎಂದರು. "ಅನ್ನಲಿ," ಎಂದಳು ಅವ್ವ. ಅವರು ತಗೊಂಡರು.

ಕೂಲಿಯವರು ನಾಲ್ಕು ನಾಲ್ಕು ಜನ ಬಂದು ದಿಮ್ಮಿಗಳನ್ನು ಬೇಲಿಯ ಪಕ್ಕಕ್ಕೆ ಉರುಳಿಸಿದರು. ಐದನೆಯವನು ರಸ್ತೆಯ ಆಚೆ ನಿಂತಿರುತ್ತಿದ್ದ. ಕಾನೂನು ಮುರಿಯಬಾರದಲ್ಲ. ಲಾರಿಯಲ್ಲಿ ಹುಲ್ಲು ಹಾಸಿ, ಮೇಲೆ ಕಂಬಳಿ ಹಾಸಿ ಐದು ಜನರನ್ನೂ ಮಲಗಿಸಿದೆವು. ಅವ್ವ, ಹುಚ್ಚಪ್ಪ, ನಾನು ಅವರ ತಲೆಯ ಹತ್ತಿರ ಕೂತೆವು. ಗೌಸ್ ಸಾಬರು ಹುಚ್ಚರಾಯನ ಗುಡಿಯ ದಿಕ್ಕಿಗೆ ಒಂದು ಕೈ ಎತ್ತಿ, ತಮ್ಮ ದೇವರ ಹೆಸರು ಹೇಳಿ ಲಾರಿ ಬಿಟ್ಟರು. ರುದ್ರೇಶ ದಿನವೂ ಹಾಗೆ ಕೈ ಎತ್ತುತ್ತಿದ್ದನಂತೆ. ಅವನ ಪರವಾಗಿ ಇವರು ಎತ್ತಿದರು.

ಶಿವಮೊಗ್ಗದ ದಾರಿಯಲ್ಲಿ ಒಂದು ಫಾರೆಸ್ಟ್ ಗೇಟು. ಮರದ ಲಾರಿಗಳೆಲ್ಲ ಅಲ್ಲಿ ನಿಂತು ತೋರಿಸಿ ಹೋಗಬೇಕೆಂಬುದು ಕಾನೂನು. ಕಂಪನಿಯ ಲಾರಿಯ ಹಾರನ್ ಕೇಳಿದರೆ ಮೊದಲೇ ಅಡ್ಡಮರ ಎತ್ತಿ ನಿಲ್ಲುತ್ತಿದ್ದರು ಎಂದು ರುದ್ರೇಶ ಯಾವಾಗಲೋ ನಗುತ್ತ ಹೇಳಿದ್ದ. ಗೌಸ್ ಸಾಬರು ದೂರದಿಂದಲೇ ಹಾರನ್ ಮಾಡಿದರು.

ಅಡ್ಡಮರ ಏಳಲಿಲ್ಲ.

ಒಬ್ಬ ಸಬ್ ಇನ್ಸ್‌ಪೆಕ್ಟರ್, ಇಬ್ಬರು ಪೇದೆಗಳು. ಲಾರಿ ಕಂಪನಿಯದು, ಕಂಪನಿಯ ಅಪ್ಪಣೆಯಿಲ್ಲದೆ ಹೊರಟಿದೆ, ಇಳಿಯಿರಿ ಎಂದರು. ನಾನು ನಿಂತು ಮಾತಾಡಿದೆ. ನನ್ನ ಓದನ್ನೆಲ್ಲ ಬಳಸಿ ಮಾತಾಡಿದೆ. ಇವರು ರೋಗಿಗಳು, ಡಾಕ್ಟರು ಕಳಿಸಿದ್ದಾರೆ, ರಕ್ತ ಹೋಗುತ್ತಿದೆ, ನೋಡಿ ಎಂದೆ. ಸಬ್ ಇನ್ಸ್‌ಪೆಕ್ಟರ್ ನೋಡಿದ. ಮುಖದಲ್ಲಿ ಕನಿಕರವೂ ಬಂತು, ಅದನ್ನು ನಾನು ಸುಳ್ಳೆನ್ನಲಾರೆ. "ನನ್ನ ಕೈಯಲ್ಲಿ ಇಲ್ಲಮ್ಮ. ಅಮಲ್ದಾರರಿಗೆ ಫೋನ್ ಮಾಡಿಸಿದೀನಿ. ಅವರು ಕಂಪನಿಯವರನ್ನ ಕೇಳಿ ಹೇಳ್ತಾರೆ," ಎಂದ.

ಅವ್ವನ ತವರು ಈಸೂರು. ನಲವತ್ತೆರಡರ ಚಳವಳಿಯಲ್ಲಿ ಊರಿಗೆ ಪೊಲೀಸರು ನುಗ್ಗಿದಾಗ ಅವಳು ತಂಗಿಯ ಬಾಣಂತನ ಮಾಡಲೆಂದು ಅಲ್ಲೇ ಇದ್ದಳು. ಆ ಬಗ್ಗೆ ಎಂದೂ ಮಾತಾಡಿದವಳಲ್ಲ. ಅಂದು ಲಾರಿಯ ಹಲಗೆ ಹಿಡಿದು ನಿಂತು, ಸಣ್ಣ ದನಿಯಲ್ಲಿ ಅವನನ್ನು ಕೇಳಿದಳು. "ಆಗ ಬಂದೋರು ಯಾರ ಪೊಲೀಸ್ರು ಅಂತ ನಮಗೆ ಗೊತ್ತಿತ್ತಪ್ಪ. ನೀವು ಯಾರೋರು?"

ಅವನು ಟೋಪಿ ತೆಗೆದು ಒಳಗಿನ ಬೆವರು ಒರೆಸಿಕೊಂಡ.

ಬಿಸಿಲು ಏರಿತು. ಲಾರಿಯ ತಗಡು ಕಾದಿತು. ನಾವು ತಂದ ಬಿಂದಿಗೆಯ ನೀರು ಎಲ್ಲರ ಬಾಯಿ ತೊಳೆಯುವುದರಲ್ಲಿ ಮುಗಿದುಹೋಗಿತ್ತು. ಗೇಟಿನ ಗುಡಿಸಿಲ ನೆರಳಲ್ಲಿ ನೀರು ತುಂಬಿದ ಒಂದು ಮಣ್ಣಿನ ಹರವಿ, ಅದರ ಮೇಲೆ ಲೋಟ. ಎಲ್ಲರಿಗೂ ಕಾಣುತ್ತಿತ್ತು. ಗಂಗಮ್ಮ ನೀರು ಕೇಳಿದಳು. ಹುಚ್ಚಪ್ಪ ಇಳಿಯಲು ಕಾಲು ಹಾಕಿದ. ಪೇದೆ ಲಾಠಿ ಅಡ್ಡ ಹಿಡಿದ. ಯಾರೂ ಇಳಿಯಬಾರದು, ಮಂಗನ ಕಾಯಿಲೆಯವರು ಹರವಿ ಮುಟ್ಟಬಾರದು. ನಾನು ಮುಟ್ಟುವುದಿಲ್ಲ, ನೀವೇ ಮೇಲಿಂದ ಹಾಕಿ ಎಂದು ಬಿಂದಿಗೆ ಚಾಚಿದೆ. ಅವನು ಸಾಹೇಬನ ಮುಖ ನೋಡಿದ. ಸಾಹೇಬ ಫೋನಿನ ಕಡೆ ನೋಡುತ್ತಿದ್ದ.

ಗಂಗಮ್ಮ ಮತ್ತೆ ಕೇಳಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ನನ್ನ ತೊಡೆಗೆ ಒರಗಿದ್ದ ಅವಳ ತಲೆ ಭಾರವಾಯಿತು. ತಲೆ ಭಾರವಾಗುವುದು ಎಂದರೆ ಏನೆಂದು ನನಗೆ ಅದುವರೆಗೆ ಗೊತ್ತಿರಲಿಲ್ಲ. ನಾನು ಹುಚ್ಚಪ್ಪನ ಮುಖ ನೋಡಿದೆ. ಅವನಿಗೆ ಆಗಲೇ ತಿಳಿದಿತ್ತು.

ಫೋನು ಬಂತು. ಅಡ್ಡಮರ ಎದ್ದಿತು.

ಪೇದೆಯೊಬ್ಬ ಗೌಸ್ ಸಾಬರ ಪಕ್ಕದಲ್ಲಿ ಹತ್ತಿ ಕೂತ. ಶಿವಮೊಗ್ಗದ ಆಸ್ಪತ್ರೆಯ ಪೋರ್ಟಿಕೋದಲ್ಲಿ ನಾವು ರುದ್ರೇಶನನ್ನು ಸ್ಟ್ರೆಚರಿಗೆ ಇಳಿಸುತ್ತಿದ್ದಾಗ ಸಾಬರಿಗೆ ಬೇಡಿ ಹಾಕಿದರು. ಅವರು ಬೇಡಿ ಹಾಕಿದ ಕೈಯಿಂದಲೇ ಸ್ಟ್ರೆಚರಿನ ಕೆಳಗೆ ಜಾರುತ್ತಿದ್ದ ಕಂಬಳಿಯನ್ನು ಎತ್ತಿ ರುದ್ರೇಶನ ಕಾಲಿನ ಮೇಲೆ ಹಾಕಿದರು.

ಗಂಗಮ್ಮನನ್ನು ಊರಿಗೆ ಒಯ್ಯಲು ಯಾವ ವಾಹನವೂ ಸಿಗಲಿಲ್ಲ. ತುಂಗೆಯ ದಡದಲ್ಲಿ ಮಣ್ಣು ಮಾಡಿದರಂತೆ. ನಾನು ಹೋಗಲಿಲ್ಲ. ಆ ಹೊತ್ತಿಗೆ ನನ್ನ ರಕ್ತ ತಮ್ಮನದಕ್ಕೆ ಹೊಂದುತ್ತದೆ ಎಂದು ಗೊತ್ತಾಗಿ, ನನ್ನನ್ನು ಪಕ್ಕದ ಟೇಬಲ್ಲಿನ ಮೇಲೆ ಮಲಗಿಸಿದ್ದರು.

ಶಿವಮೊಗ್ಗದ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಗ್ಲೂಕೋಸ್ ಡ್ರಿಪ್, ಐಸ್ ಚೀಲ, ಟೆಂಪರೇಚರ್ ಚಾರ್ಟಿನ ಗೆರೆ. ವಾಂತಿಯಲ್ಲಿ ರಕ್ತ ಬಂದ ದಿನವಿತ್ತು. ಬ್ಲಡ್ ಪ್ರೆಷರ್ ಸಿಗದೆ ಹೌಸ್ ಸರ್ಜನ್ ಓಡಿದ ದಿನವಿತ್ತು. ಕ್ರಮೇಣ ಗೆರೆ ಇಳಿಯತೊಡಗಿತು. ಶಿವರಾತ್ರಿಯ ಹೊತ್ತಿಗೆ ಅವನು ಎದ್ದು ಕೂತು ಮಜ್ಜಿಗೆ ಕುಡಿದ. ಇನ್ನು ಮನೆಗೆ ಹೋಗಬಹುದು ಎಂದರು. ಬದುಕಿದ ಎಂದು ನಾವು ನಂಬಿದೆವು. ಉಳಿದ ಮೂವರಲ್ಲಿ ಇಬ್ಬರು ಎದ್ದರು. ಒಬ್ಬ ಏಳಲಿಲ್ಲ.

ಮನೆಗೆ ಬಂದ ಮೇಲೆ ವಿಚಾರಣೆಗೆ ಕರೆ ಬಂತು. ಪ್ರವಾಸಿ ಬಂಗಲೆಯ ಜಗಲಿಯಲ್ಲಿ ಮೇಲಿನ ಕಚೇರಿಯಿಂದ ಬಂದ ಅಧಿಕಾರಿ ಕೂತಿದ್ದರು. ಪಕ್ಕದಲ್ಲಿ ಅಮಲ್ದಾರರು. ಏಜೆಂಟನಿಗೂ ಕುರ್ಚಿಯಿತ್ತು. ನಾವು ಮೆಟ್ಟಿಲ ಕೆಳಗೆ ನಿಂತೆವು. ರುದ್ರೇಶ ನನ್ನ ಭುಜ ಹಿಡಿದಿದ್ದ. ಆ ಹೊತ್ತಿಗೆ ದೂರದ ಊರಿನಿಂದ ವಿಜ್ಞಾನಿಗಳು ಬಂದು, ಕಾಡಿನ ನೆಲದ ಮೇಲೆ ಬಿಳಿ ಬಟ್ಟೆ ಎಳೆದು ಉಣುಗು ಹಿಡಿಯುತ್ತಿದ್ದರು. ಕಾಯಿಲೆ ತರುವುದು ಮಂಗನಲ್ಲ, ಮಂಗನ ಮೈಯ ಉಣುಗು, ಅದು ಸತ್ತ ಮಂಗನನ್ನು ಬಿಟ್ಟು ಹತ್ತಿರದ ಜೀವಕ್ಕೆ ಹತ್ತುತ್ತದೆ ಎಂದು ಅವರಿಗೆ ಅನುಮಾನ. ಸತ್ಯವನ್ನು ಹುಡುಕಲು ಬಂದವರ ಆ ಮಾತು ನಮಗಿಂತ ಮೊದಲು ಕಂಪನಿಗೆ ಸಿಕ್ಕಿತ್ತು.

ಅಧಿಕಾರಿ ಕೇಳಿದ್ದು ಎರಡೇ ಪ್ರಶ್ನೆ. ಮಂಗನ ಹೆಣವನ್ನು ಹೊತ್ತು, ಮುಟ್ಟಿ, ಮಣ್ಣು ಮಾಡಿದ್ದು ನಿಜವೆ? ಕಂಪನಿ ಹಾಗೆ ಮಾಡಲು ಹೇಳಿತ್ತೆ?

ಆ ಪ್ರಶ್ನೆಗಳಲ್ಲಿ ತಪ್ಪು ಹಿಡಿಯುವಂಥದ್ದು ಏನೂ ಇರಲಿಲ್ಲ. ನಿಜ, ಹೊತ್ತದ್ದು ನಾವೇ. ನಿಜ, ಕಂಪನಿ ಹೇಳಲಿಲ್ಲ. ಆ ಹೆಗಲು, ಆ ಟವೆಲು, ಆ ಉಣುಗು, ಎಲ್ಲ ನಿಜ. ಮಂಗ ಸಾಯುತ್ತಿದ್ದ ಕಾಡಿಗೆ ಜನರನ್ನು ಕಳಿಸಿದವರು ಯಾರು, ಬೇರೆ ದಿಕ್ಕು ಕೇಳಿದಾಗ ಪೊಲೀಸರನ್ನು ತಂದವರು ಯಾರು, ಮಂಗನನ್ನು ಮುಟ್ಟದವರಿಗೂ ಹೇಗೆ ಬಂತು ಎಂದು ಯಾರೂ ಕೇಳಲಿಲ್ಲ. ಕೇಳದ ಪ್ರಶ್ನೆಗೆ ಉತ್ತರ ಹೇಳುವುದು ಹೇಗೆ ಎಂದು ನನಗೆ ಯಾವ ಕಾಲೇಜೂ ಕಲಿಸಿರಲಿಲ್ಲ. ನಾನು ಹೇಳಲು ಹೊರಟೆ. ಕೇಳಿದ್ದಕ್ಕಷ್ಟೇ ಉತ್ತರಿಸಿ ಎಂದರು.

ಹುಚ್ಚಪ್ಪನ ಸರದಿ ಬಂತು. ಅವನು ತಲೆಯ ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದ.

"ಹೌದು ಸ್ವಾಮಿ, ಮಣ್ಣು ಕೊಟ್ವಿ. ಅದರ ಬಾಯಿಗೆ ನನ್ನ ಹೆಣ್ತಿ ಮೂರು ಹನಿ ನೀರೂ ಬಿಟ್ಟಳು." ರುಮಾಲನ್ನು ಹೆಗಲಿಗೆ ಹಾಕಿಕೊಂಡ. "ಅವಳಿಗೆ ನಿಮ್ಮ ಗೇಟಿನಾಗೆ ಅದೂ ಸಿಗಲಿಲ್ಲ."

ಟೈಪ್ ಮಾಡುತ್ತಿದ್ದವನ ಕೈ ನಿಂತಿತು. ಅಧಿಕಾರಿ, ಎರಡನೆಯ ಮಾತು ವಿಚಾರಣೆಗೆ ಸಂಬಂಧಪಟ್ಟಿಲ್ಲ, ಬೇಡ ಎಂದರು. ಕೈ ಮತ್ತೆ ಓಡಿತು.

ಮಂಗನಿಗೆ ಸಂಸ್ಕಾರ ಮಾಡುವ ಮೂಢ ರೂಢಿಯಿಂದ ಕೂಲಿಗಾರರು ತಾವಾಗಿ ತಂದುಕೊಂಡ ಕಾಯಿಲೆ ಎಂದು ತೀರ್ಮಾನವಾಯಿತು.

ಅದೇ ಸಂಜೆ ರುದ್ರೇಶನಿಗೆ ಮತ್ತೆ ತಲೆನೋವು ಶುರುವಾಯಿತು.

ಈ ಕಾಯಿಲೆ ಎರಡು ಸಲ ಬರುತ್ತದೆ ಎಂದು ಆಗ ನಮಗೆ ಯಾರೂ ಹೇಳಿರಲಿಲ್ಲ. ಬಹುಶಃ ಯಾರಿಗೂ ಗೊತ್ತಿರಲಿಲ್ಲ. ಒಮ್ಮೆ ಬಿಟ್ಟು ಹೋದಂತೆ ಮಾಡಿ, ನಾವು ಹಾಸಿಗೆ ಒಗೆದು ಒಣಗಿಸಿದ ಮೇಲೆ, ಬಾಗಿಲು ಗೊತ್ತಿರುವ ನೆಂಟನ ಹಾಗೆ ಬಂತು. ಈ ಸಲ ರಕ್ತವಿಲ್ಲ. ಕುತ್ತಿಗೆ ಸೆಟೆಯಿತು. ಕೈ ನಡುಗತೊಡಗಿತು. ಮಾತು ತಪ್ಪಿತು. ಮಂಚದ ಮೇಲೆ ಮಲಗಿಕೊಂಡೇ ಎರಡೂ ಕೈಯಿಂದ ಕಾಣದ ಸ್ಟಿಯರಿಂಗ್ ತಿರುಗಿಸುತ್ತಿದ್ದ. ಬಲಗಾಲು ಒತ್ತುತ್ತಿತ್ತು. ಆಮೇಲೆ ಎರಡೂ ಕಾಲಿನಿಂದ ಬ್ರೇಕ್ ಹಾಕಿ, "ಎತ್ರೋ, ಗೇಟ್ ಎತ್ರೋ," ಎನ್ನುತ್ತಿದ್ದ. ಅವ್ವ ಹೋಗಿ ಅವನ ಮಂಚದ ಕಾಲ ಬಳಿ ನಿಂತು, "ಎತ್ತಿದಾರೆ, ಹೋಗು ಮಗಾ," ಎನ್ನುವಳು. ಆಗ ಕಾಲು ಸಡಿಲವಾಗುತ್ತಿತ್ತು. ಸ್ವಲ್ಪ ಹೊತ್ತಿಗೆ ಮತ್ತೊಂದು ಗೇಟು.

ಆಸ್ಪತ್ರೆಯಲ್ಲಿ ಬೆನ್ನುಹುರಿಯ ನೀರು ತೆಗೆದರು. ಲಂಬಾರ್ ಪಂಕ್ಚರ್ ಎನ್ನುತ್ತಾರೆ. ಅವನನ್ನು ಮಗುವಿನ ಹಾಗೆ ಮಡಚಿ ಹಿಡಿಯಬೇಕಾಗಿತ್ತು. ನಾನು ಹಿಡಿದೆ. ಇದಕ್ಕೆ ಔಷಧವಿಲ್ಲ, ಕಾಯಬೇಕು ಎಂದರು. ಕಾದೆವು.

ಈ ಮಧ್ಯೆ ಕಂಪನಿ ಬಯಲುಸೀಮೆಯಿಂದ ಹೊಸ ಕೂಲಿಯವರನ್ನು ತಂದಿತು. ಮುಷ್ಕರ ಮುರಿಯಿತು ಎಂದು ಏಜೆಂಟ್ ಊರಿನಲ್ಲಿ ಸಿಹಿ ಹಂಚಿದ. ಬೇಗನೆ ಆ ಹೊಸಬರಲ್ಲೂ ಕೆಂಪು ಕಣ್ಣಿನವರು ಗಾಡಿಯಲ್ಲಿ ಆಸ್ಪತ್ರೆಗೆ ಬಂದರು. ಅವರಿಗೆ ಕನ್ನಡವೂ ಸರಿಯಾಗಿ ಬರುತ್ತಿರಲಿಲ್ಲ. ಅವರು ಯಾವ ಮಂಗನಿಗೂ ಮಣ್ಣು ಕೊಟ್ಟಿರಲಿಲ್ಲ. ಹುಚ್ಚಪ್ಪ ಮತ್ತು ಅವನ ಜೊತೆಯವರು ಅವರನ್ನು ಬೈಯಲಿಲ್ಲ. ನಾಲ್ಕು ನಾಲ್ಕು ಜನರಾಗಿ ಆಸ್ಪತ್ರೆಯ ಮುಂದೆ ಕೂತರು. ನಾಲ್ವರು ಎದ್ದು ಹೋದರೆ ಇನ್ನು ನಾಲ್ವರು. ತಾಲ್ಲೂಕು ಡಾಕ್ಟರು ತಾವೇ ಪತ್ರಿಕೆಯವರೊಂದಿಗೆ ಮಾತಾಡಿದರು. ಕೊನೆಗೆ ವಾರಕ್ಕೊಮ್ಮೆ ಬಿಡಾರಕ್ಕೆ ಡಾಕ್ಟರು ಹೋಗುವುದೆಂದೂ, ಆ ಭಾಗದಲ್ಲಿ ಮರ ಕಡಿಯುವುದು ತಾತ್ಕಾಲಿಕವಾಗಿ ನಿಲ್ಲುವುದೆಂದೂ ಆದೇಶ ಬಂತು. ಆ ಹೊತ್ತಿಗೆ ಗುರುತು ಹಾಕಿದ ಮರಗಳು ಬಹುಪಾಲು ಹೋಗಿದ್ದವು. ಮಳೆಯೂ ಹತ್ತಿರವಾಗಿತ್ತು. ಇದನ್ನು ಗೆಲುವೆನ್ನಬೇಕೋ ಬೇಡವೋ ನನಗೆ ತಿಳಿಯದು. ಹುಚ್ಚಪ್ಪನನ್ನು ಕೇಳಿದೆ. "ಕೇಳದೇ ಇದ್ದಿದ್ರೆ ಇದೂ ಇಲ್ಲ," ಎಂದ.

ಬೇಸಿಗೆ ರಜೆ ಮುಗಿಸಿ ಶಾಲೆಗೆ ಹೋದೆ. ಬೇಲಿಯ ಪಕ್ಕದ ದಿಮ್ಮಿಗಳು ಅಲ್ಲೇ ಇದ್ದವು. ಕೇಸಿನ ಮಾಲು, ಮುಟ್ಟಬಾರದು ಎಂದು ಪೊಲೀಸರು ಸುಣ್ಣದ ಗೆರೆ ಎಳೆದಿದ್ದರು. ಮಳೆಗೆ ಸುಣ್ಣ ಅಳಿಸಿತ್ತು. ಹುಡುಗಿಯರು ಅದರ ಮೇಲೆ ಸಾಲಾಗಿ ಕೂತು ಬುತ್ತಿ ಬಿಚ್ಚುತ್ತಿದ್ದರು. ನಾನು ಅವರನ್ನು ಎಬ್ಬಿಸಲಿಲ್ಲ. ಪೌರನೀತಿಯ ಪುಸ್ತಕದಲ್ಲಿ ಅಮಲ್ದಾರರ ಕರ್ತವ್ಯಗಳ ಪಾಠ ಬಂದಾಗ ಅವರಿಂದಲೇ ಓದಿಸಿದೆ. ನಾನು ಕಿಟಕಿಯ ಕಡೆ ತಿರುಗಿ ನಿಂತೆ.

ರುದ್ರೇಶನ ನಡುಕ ನಿಧಾನವಾಗಿ ಇಳಿಯಿತು. ಮೊದಲು ಲೋಟ ಹಿಡಿದ, ಅರ್ಧ ಚೆಲ್ಲಿದ. ಆಮೇಲೆ ಚೆಲ್ಲದೆ ಕುಡಿದ. ಅಂಗಿಯ ಗುಂಡಿ ಹಾಕಿಕೊಂಡ ದಿನ ಅವ್ವ ಪಾಯಸ ಮಾಡಿದಳು. ಆದರೆ ರಾತ್ರಿಗಳು ಮುಗಿದಿರಲಿಲ್ಲ. ಅವ್ವ ಎದ್ದು ಲಾಟೀನು ಹಚ್ಚಿ ಅವನ ವಸಡಿಗೆ ಬೆರಳು ಇಡುವಳು. ರಕ್ತ ನಿಂತು ತಿಂಗಳುಗಳಾಗಿದ್ದವು. ಬೆರಳಿಗೆ ಅದು ಗೊತ್ತಿರಲಿಲ್ಲ. ಲಾಟೀನಿನ ಬೆಳಕಿಗೆ ನಾನೂ ಏಳುವೆ. ನನ್ನ ತೊಡೆಯ ಮೇಲೆ ಒಂದು ತಲೆಯ ಭಾರ ಇರುತ್ತಿತ್ತು. ಉಜ್ಜಿಕೊಂಡು ಕೂರುವೆ.

ಗೌಸ್ ಸಾಬರಿಗೆ ಜಾಮೀನು ಸಿಕ್ಕಿದ್ದು ಆಷಾಢದಲ್ಲಿ. ಜಾಮೀನಿಗೆ ನಿಂತವನು ಹುಚ್ಚಪ್ಪ, ತನ್ನ ಎತ್ತಿನ ಗಾಡಿಯನ್ನು ಅಡವಾಗಿ ತೋರಿಸಿ. ಇಬ್ಬರೂ ನೆನೆದುಕೊಂಡು ಸಂಜೆ ನಮ್ಮ ಮನೆಗೆ ಬಂದರು. ಅವ್ವ ರೊಟ್ಟಿ ಬಡಿದಳು. ಸಾಬರು ತೆಳ್ಳಗಾಗಿದ್ದರು. ಕೇಸು ಇದೆ, ನಡೆಯುತ್ತದೆ, ಯಾವಾಗ ಮುಗಿಯುವುದೋ ಗೊತ್ತಿಲ್ಲ ಎಂದರು. ರುದ್ರೇಶ ಅವರ ಮುಂದೆ ಬಂದು ಕೂತ. ಸಾಬರು ಕೇಳಿದರು, ಕಣ್ಣು ಹೇಗಿದೆ, ಇನ್ನೂ ಎರಡು ರಸ್ತೆ ಕಾಣುತ್ತದೆಯೆ ಎಂದು.

"ಎರಡಿಲ್ಲ ಗೌಸ್ ಭಾಯಿ," ಎಂದ ರುದ್ರೇಶ. "ಒಂದೂವರೆ."

ಹುಚ್ಚಪ್ಪ ನಕ್ಕ. ನಗುತ್ತಲೇ ಇದ್ದ. ಆಮೇಲೆ ರುಮಾಲಿನಿಂದ ಮುಖ ಮುಚ್ಚಿಕೊಂಡ. ಗಂಗಮ್ಮ ಸತ್ತ ಮೇಲೆ ಅವನು ಅತ್ತದ್ದನ್ನು ನಾನು ಅವತ್ತೇ ನೋಡಿದ್ದು. ನಾವ್ಯಾರೂ ಅವನನ್ನು ಸುಮ್ಮನಾಗಿಸಲಿಲ್ಲ. ಅವ್ವ ಒಂದು ತಂಬಿಗೆ ನೀರು ತಂದು ಅವನ ಪಕ್ಕದಲ್ಲಿಟ್ಟಳು. ಅವನು ಕುಡಿದ.

ಮಳೆ ಜೋರಾಗಿದ್ದುದರಿಂದ ಇಬ್ಬರೂ ನಮ್ಮ ಪಡಸಾಲೆಯಲ್ಲೇ ಮಲಗಿದರು. ಸಾಬರ ಗೊರಕೆ ಲಾರಿಯ ಎಂಜಿನ್ನಿನ ಹಾಗಿದೆ ಎಂದು ರುದ್ರೇಶ ಒಳಗಿನಿಂದ ಹೇಳಿದ್ದು ಕೇಳಿಸಿತು. ಆ ಮೇಲಿನದು ನನಗೆ ತಿಳಿಯದು.

ಕಣ್ಣು ಬಿಟ್ಟಾಗ ಬೆಳ್ಳಗೆ ಬೆಳಗಾಗಿತ್ತು. ಅವ್ವ ನನ್ನ ಪಕ್ಕದಲ್ಲಿ, ಸೆರಗು ಮುಖದ ಮೇಲೆ ಎಳೆದುಕೊಂಡು ಇನ್ನೂ ಮಲಗಿದ್ದಳು. ರುದ್ರೇಶನ ಕೈ ಎದೆಯ ಮೇಲಿತ್ತು, ನಡುಗದೆ. ತಲೆದಿಂಬಿನ ಹತ್ತಿರ ಲಾಟೀನು. ಎತ್ತಿ ಅಲುಗಿಸಿ ನೋಡಿದೆ. ಸಂಜೆ ತುಂಬಿಸಿಟ್ಟ ಎಣ್ಣೆ ಹಾಗೇ ಇತ್ತು.